ತಂಗಿ ಮೋಶಿಯಲ್ಲಿ, ಕುಸ್ವಾರ್ ಇಲ್ಲಿ

ಪ್ರಶ್ನೆ: ನನ್ನ ತಂಗಿ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ), ನರ್ಸ್ ಕೂಡ. ಈ ವರ್ಷ ಅವಳನ್ನು ಟಾಂಜಾನಿಯಾದ ಮೋಶಿ ಹತ್ತಿರದ ಒಂದು ಕಾನ್ವೆಂಟಿಗೆ ಕಳಿಸಿದ್ದಾರೆ. ಹೊರದೇಶದಲ್ಲಿ ಅವಳಿಗೆ ಇದು ಮೊದಲ ಕ್ರಿಸ್‌ಮಸ್. ಫೋನಿನಲ್ಲಿ ‘ಚೆನ್ನಾಗಿದ್ದೀನಿ’ ಅಂತಾಳೆ, ದನಿ ಮಾತ್ರ ಹಾಗಿರುವುದಿಲ್ಲ. ಅಮ್ಮ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು, ಮಾಡಿ ಪಾರ್ಸೆಲ್ ಕಳಿಸೋಣ ಅಂತಾರೆ. ಅಪ್ಪ ದುಡ್ಡು ಕಳಿಸಿದರೆ ಸಾಕು ಅಂತಾರೆ. ಅವಳಿಗೆ ಧೈರ್ಯ ಬರುವ ಹಾಗೆ ಏನು ಮಾಡಬಹುದು?
– ಒಬ್ಬ ಅಕ್ಕ, ಚಿಕ್ಕಮಗಳೂರು

ಉತ್ತರ: ಹಾಸನದ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು ನಾನು. ನನ್ನ ಚಿಕ್ಕಮ್ಮನೂ ಸಿಸ್ಟರ್ ಆಗಿ ಬಹಳ ಕಾಲ ಆಫ್ರಿಕಾದಲ್ಲಿದ್ದರು. ಹಾಗಾಗಿ ಪಾರ್ಸೆಲ್ ಕಟ್ಟುವವರ ಆಸೆಯೂ ಗೊತ್ತು, ಬಿಚ್ಚುವವರ ಮನಸ್ಸೂ ಸ್ವಲ್ಪ ಗೊತ್ತು.

ಮೊದಲು ಪಾರ್ಸೆಲ್ ವಿಷಯ ಮುಗಿಸೋಣ. ಡಿಸೆಂಬರಿನಲ್ಲಿ ಕಟ್ಟಿದ್ದು ಕ್ರಿಸ್‌ಮಸ್‌ಗೆ ಮುಟ್ಟುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಟಾಂಜಾನಿಯಾದಲ್ಲಿ ಅಂಚೆ ಹೆಚ್ಚಾಗಿ ಹೋಗುವುದು ಪಿ.ಓ. ಬಾಕ್ಸ್‌ಗೆ. ಕಾನ್ವೆಂಟಿನ ಬಾಕ್ಸ್ ನಂಬರ್ ಕೇಳಿ ಬರೆದುಕೊಳ್ಳಿ. ಕಸ್ಟಮ್ಸ್ ಫಾರಂನಲ್ಲಿ ‘ಗಿಫ್ಟ್’ ಅಂತ ಒಂದೇ ಮಾತು ಗೀಚುವವರು ಜಾಸ್ತಿ. ಹಾಗೆ ಮಾಡಬೇಡಿ, ಒಳಗೆ ಏನೇನಿದೆ ಎಲ್ಲ ಬರೆಯಿರಿ. ತಿಂಡಿಗೆ ಒಂದೊಂದು ದೇಶದ್ದು ಒಂದೊಂದು ನಿಯಮ, ಕಟ್ಟುವ ಮೊದಲೇ ವಿಚಾರಿಸಿ. ತೆಂಗಿನಕಾಯಿ ಹೂರಣದ ನೆವ್ರಿ (ಕರ್ಜಿಕಾಯಿ) ದಾರಿಯಲ್ಲೇ ಕಮಟಾಗುತ್ತದೆ. ಚಕ್ಕುಲಿ, ಕಿಡಿಯೊ (ಸುರುಳಿ ಸುತ್ತಿ ಕರಿದ ಸಿಹಿ ತಿಂಡಿ) ತಡೆಯುತ್ತವೆ. ಇದಕ್ಕಿಂತ ಒಳ್ಳೆಯದು, ಅವಳ ಸಭೆಯ (ಸನ್ಯಾಸಿನಿಯರ ಸಂಘದ) ಇಲ್ಲಿನ ಮುಖ್ಯ ಕಾನ್ವೆಂಟಿಗೆ ಫೋನ್ ಮಾಡಿ, ಆ ಕಡೆ ಯಾರಾದರೂ ಹೊರಡುವವರಿದ್ದಾರಾ ಕೇಳುವುದು. ಜನವರಿಯಲ್ಲಿ ಹೋದರೂ ಚಿಂತೆ ಇಲ್ಲ. ಕಳಿಸುವುದಾದರೆ ಒಬ್ಬಳಿಗೆ ಆಗುವಷ್ಟು ಕಳಿಸಬೇಡಿ. ಕಾನ್ವೆಂಟಿನಲ್ಲಿ ಡಬ್ಬಿ ತೆರೆದರೆ ಎಲ್ಲರ ಕೈಯೂ ಬರುತ್ತದೆ. ಬರಬೇಕು ಕೂಡ!

ಕಾಫಿಪುಡಿ ಕಳಿಸಬೇಕಾ ಅಂತ ನೀವು ಕೇಳಿಲ್ಲ. ಚಿಕ್ಕಮಗಳೂರಿನವರು, ಕೇಳದೆ ಇರುವುದಿಲ್ಲ. ಮೋಶಿ ಇರುವುದು ಕಿಲಿಮಂಜಾರೋ ಬುಡದಲ್ಲಿ, ಅಲ್ಲಿ ಸುತ್ತಲೂ ಕಾಫಿ ತೋಟ. ಅರೇಬಿಕಾಗೆ ಅವಳಿಗೆ ಬರವಿಲ್ಲ. ಚಿಕೋರಿ ಬೆರೆಸಿದ ನಮ್ಮ ಪುಡಿ, ಒಂದು ಸಣ್ಣ ಸ್ಟೀಲ್ ಫಿಲ್ಟರ್ ಅಲ್ಲಿ ಸಿಗುವುದು ಕಷ್ಟ. ಅದನ್ನು ಕಳಿಸಿ.

ದುಡ್ಡಿನ ವಿಷಯ. ಸಿಸ್ಟರ್‌ಗಳದ್ದು ಬಡತನದ ವ್ರತ. ಅವಳ ಕೈಗೆ ಬಂದದ್ದು ಎಲ್ಲರ ಖರ್ಚಿಗೆ ಸೇರುತ್ತದೆ. ಅವಳ ಕ್ಲಿನಿಕ್ಕಿಗೆ ಏನಾದರೂ ಕೊಡುವ ಮನಸ್ಸು ಅಪ್ಪನಿಗಿದ್ದರೆ ಮೊದಲು ಅಲ್ಲಿನ ಮದರ್ ಸುಪೀರಿಯರ್‌ಗೆ ಬರೆದು ಕೇಳಲಿ, ಆಮೇಲೆ ಪ್ಯಾನ್ ಕಾರ್ಡ್ ಹಿಡಿದು ಬ್ಯಾಂಕಿಗೆ ಹೋಗಲಿ.

ಈಗ ಆ ದನಿಯ ವಿಷಯ. ‘ನೀನು ದೊಡ್ಡ ತ್ಯಾಗ ಮಾಡಿದ್ದೀಯ, ನಮಗೆಲ್ಲ ಹೆಮ್ಮೆ’ ಅಂತ ಮನೆಯವರೆಲ್ಲ ಸಾಲಾಗಿ ಹೇಳುತ್ತಿದ್ದೀರಾ? ಸ್ವಲ್ಪ ನಿಲ್ಲಿಸಿ. ಚಿಕ್ಕಮ್ಮ ಒಮ್ಮೆ ನನಗೆ ಹೇಳಿದ್ದರು, ‘ಊರಿನವರೆಲ್ಲ ನನ್ನನ್ನು ಸಂತಳು ಮಾಡಿಬಿಟ್ಟಿದ್ರು. ಸಂತಳು ಅಳೋ ಹಾಗಿಲ್ಲ, ಅಲ್ಲಿನ ಊಟ ಸೇರಲ್ಲ ಅನ್ನೋ ಹಾಗೂ ಇಲ್ಲ.’ ನಿಮ್ಮ ತಂಗಿಯ ‘ಚೆನ್ನಾಗಿದ್ದೀನಿ’ ಇಂಥದ್ದೇ ಇರಬಹುದು. ಅವಳನ್ನು ಮನೆಯ ಕಿರಿಮಗಳಾಗಿ ಮಾತಾಡಿಸಿ. ಏನಾದರೂ ಕೇಳಿ. ಅಪ್ಪನ ಮಂಡಿನೋವಿಗೆ ಏನು ಮಾಡೋಣ, ನೀನು ನರ್ಸ್ ಅಲ್ವಾ ಅನ್ನಿ. ರೋಸ್ ಕುಕೀಸ್ ಅಚ್ಚು ಎಲ್ಲಿಟ್ಟಿದ್ದೆ ಅಂತ ಬೈಯಿರಿ. ಮನೆಯ ಜಗಳ, ಸಾಲ, ಕಾಯಿಲೆ ಮುಚ್ಚಿಡಬೇಡಿ. ಹಬ್ಬದ ಹೊತ್ತಿನಲ್ಲಿ ಯಾಕೆ ಅಂತ ಅಮ್ಮ ತಡೆಯಬಹುದು. ಆದರೆ ಹೊರಗಿನವರಿಗೆ ಮಾತ್ರ ಅಲ್ವಾ ನಾವು ಬರೀ ಒಳ್ಳೆ ಸುದ್ದಿ ಹೇಳೋದು?

ಫೋನ್ ಇದ್ದರೂ ಒಂದು ಕಾಗದ ಬರೆಯಿರಿ. ಅಂಚೆಯವಳು ಅಂತ ಹೇಳುತ್ತಿಲ್ಲ. ಗೋವಾಕ್ಕೆ ಬಂದ ಮಿಷನರಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಜೊತೆಗಾರರ ಪತ್ರಗಳಿಂದ ಅವರ ಸಹಿಗಳನ್ನಷ್ಟೇ ಕತ್ತರಿಸಿ, ಕೊರಳಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದರಂತೆ. ಅವರು ಚೀನಾದ ಹೊಸ್ತಿಲಲ್ಲಿ, ಒಂದು ದ್ವೀಪದಲ್ಲಿ, 1552ರ ಡಿಸೆಂಬರ್ 3ರಂದು ತೀರಿಕೊಂಡರು. ಅವರ ಜೊತೆ 1927ರಲ್ಲಿ ಮಿಷನ್‌ಗಳ ಪಾಲಕಿ ಎಂದು ಪೋಪ್ ಸಾರಿದ್ದು ಫ್ರಾನ್ಸಿನ ಸನ್ಯಾಸಿನಿ, ಲಿಸಿಯುವಿನ ತೆರೇಸಾರನ್ನು. ಆಕೆ 15ಕ್ಕೆ ಮಠ ಸೇರಿ 24ಕ್ಕೆ ತೀರುವವರೆಗೆ ಹೊರದೇಶಕ್ಕೆ ಹೋದವರೇ ಅಲ್ಲ. ಮಠದೊಳಗಿಂದಲೇ, ಮಿಷನ್‌ಗೆ ಹೊರಟ ಇಬ್ಬರಿಗೆ ಪತ್ರ ಬರೆಯುತ್ತಿದ್ದರು. ಅವರಲ್ಲಿ ಒಬ್ಬರು ಚೀನಾಕ್ಕೆ ಹೋದ ಪಾದ್ರಿ. ಹಾಗಾಗಿ ನಿಮ್ಮ ಅಮ್ಮನ ಎರಡು ಸಾಲೂ, ಅಪ್ಪನ ಸಹಿಯೂ ಅದೇ ಕಾಗದದಲ್ಲಿರಲಿ.

ಗಡಿಯಾರ ನೋಡಿಕೊಳ್ಳಿ. ಟಾಂಜಾನಿಯಾದವರು ನಮಗಿಂತ ಎರಡೂವರೆ ಗಂಟೆ ಹಿಂದೆ. ನೀವು ಚರ್ಚಿನಲ್ಲಿ ನಡುರಾತ್ರಿ ಬಲಿಪೂಜೆ (ಮಾಸ್) ಮುಗಿಸಿ ಒಂದೂವರೆಗೆ ಮನೆಗೆ ಬಂದರೆ ಅಲ್ಲಿ ಇನ್ನೂ ಹನ್ನೊಂದು. ವಿಡಿಯೊ ಕಾಲ್ ಮಾಡಿದಾಗ ಅವಳ ಜೊತೆಯ ಸಿಸ್ಟರ್‌ಗಳನ್ನೂ ಕರೆಯಲಿ, ಅಮ್ಮ ಅವರ ಹೆಸರು ಕೇಳಲಿ. ಗೊರೂರು ಹತ್ತಿರದ ಶೆಟ್ಟಿಹಳ್ಳಿ ಚರ್ಚ್ ನೋಡಿದ್ದೀರಲ್ಲ, ಮಳೆಗಾಲದಲ್ಲಿ ಹೇಮಾವತಿ ನೀರಲ್ಲಿ ಮುಳುಗುವುದು. 1860ರ ಸುಮಾರಿಗೆ ಅದನ್ನು ಕಟ್ಟಿಸಿದ ಫ್ರೆಂಚ್ ಪಾದ್ರಿಗಳಿಗೂ ದೂರದಲ್ಲಿ ಅಮ್ಮಂದಿರಿದ್ದರು. ಮಗ ಯಾರ ಜೊತೆ ಊಟ ಮಾಡುತ್ತಾನೆ ಅಂತ ಗೊತ್ತಿದ್ದರೆ ಆ ತಾಯಂದಿರಿಗೆ ಎಷ್ಟೋ ಸಮಾಧಾನ ಇರುತ್ತಿತ್ತು.

ಇನ್ನೊಂದು. ಡಿಸೆಂಬರ್ 25ಕ್ಕೆ ಅವಳಿಗೆ ಪುರುಸೊತ್ತೇ ಇರುವುದಿಲ್ಲ. ಪೂಜೆ, ಮಕ್ಕಳ ಹಾಡು, ಮೇಲೆ ಕ್ಲಿನಿಕ್. ಹೆರಿಗೆ ಹಬ್ಬ ನೋಡಿ ಬರುತ್ತಾ? ಬೇಜಾರು ಹತ್ತುವುದು ಜನವರಿಯಲ್ಲಿ, ಶುಭಾಶಯದ ಮೆಸೇಜ್‌ಗಳೆಲ್ಲ ನಿಂತ ಮೇಲೆ. ಮೊದಲ ಕಾಗದ ಆಗ ಅವಳ ಕೈ ಸೇರುವ ಹಾಗೆ ಈಗ ಹಾಕಿ.

ಪ್ರಶ್ನೆ: ನಮ್ಮ ಸಭೆಯ ಪಾಸ್ಟರ್ ಕುಟುಂಬ ನೇಪಾಳದಲ್ಲಿ ಸೇವೆಯಲ್ಲಿದೆ. ಯುವಕರೆಲ್ಲ ಸೇರಿ ಶುಭಾಶಯದ ವಿಡಿಯೊ ಮಾಡಿ ಫೇಸ್‌ಬುಕ್‌ಗೆ ಹಾಕಬೇಕು ಅಂತಿದ್ದೇವೆ. ಸರಿಯಾ?
– ಸಕಲೇಶಪುರದ ಓದುಗ

ಉತ್ತರ: ವಿಡಿಯೊ ಮಾಡಿ, ಫೇಸ್‌ಬುಕ್ ಬೇಡ. ನೇಪಾಳದ 2015ರ ಸಂವಿಧಾನ ಮತಾಂತರ ಮಾಡಿಸುವುದನ್ನು ನಿಷೇಧಿಸಿದೆ. 2018ರಲ್ಲಿ ಜಾರಿಗೆ ಬಂದ ದಂಡಸಂಹಿತೆಯಲ್ಲಿ ಅದಕ್ಕೆ 5 ವರ್ಷದವರೆಗೆ ಜೈಲು ಇದೆ. ಅವರು ಅಲ್ಲಿ ಏನು ಕೆಲಸ ಮಾಡುತ್ತಿದ್ದಾರೋ, ‘ಮಿಷನರಿ’ ಅನ್ನುವ ನಿಮ್ಮ ಒಂದು ಮಾತಿನಿಂದ ಸುಮ್ನೆ ತೊಂದರೆ ಆಗಬಹುದು. ಪಾಸ್ಟರ್ ಅವರನ್ನೇ ಮೊದಲು ಕೇಳಿ, ಅವರು ಹೇಳಿದ ಹಾಗೆ ಅವರಿಗಷ್ಟೇ ಕಳಿಸಿ. ಊರಿನ ಹೆಸರು, ಮಕ್ಕಳ ಶಾಲೆ ಹೆಸರು ವಿಡಿಯೊದಲ್ಲಿ ಬರದಿರಲಿ.