ತಂಗಿಯ ಪದವಿ ಓದಿಗೆ ಸರಕಾರದ ವಿದ್ಯಾರ್ಥಿವೇತನ: ಅರ್ಜಿ ಹಾಕುವ ಮೊದಲು ಏನು ನೋಡಬೇಕು?

ನೀವು ಕೇಳಿರುವುದು ಇಷ್ಟು: ನಿಮ್ಮದು ಬೀಳಗಿ ತಾಲೂಕಿನ ಹಳ್ಳಿ, ತಂಗಿ ಈ ವರ್ಷ ಬಾಗಲಕೋಟೆಯಲ್ಲಿ ಬಿ.ಎಸ್‌ಸಿ. ಮೊದಲ ವರ್ಷಕ್ಕೆ ಸೇರಿದ್ದಾಳೆ, ಮನೆಗೆ ಮೂರು ಎಕರೆ ಒಣಬೇಸಾಯದ ಹೊಲವಿದೆ, ಜಾತಿ ಪ್ರವರ್ಗ 2ಎ. ಸೈಬರ್ ಅಂಗಡಿಯವನು ಆರುನೂರು ರೂಪಾಯಿ ಕೊಟ್ಟರೆ ಎಲ್ಲ ಸ್ಕಾಲರ್‌ಶಿಪ್‌ಗಳನ್ನೂ ತಾನೇ ಹಾಕಿಕೊಡುವುದಾಗಿ ಹೇಳಿದ್ದಾನೆ. ಅವನಿಗೆ ಹಣ ಕೊಡಬೇಕೇ, ಇಲ್ಲವೇ ನೀವೇ ಹಾಕಬಹುದೇ, ಹಾಕಿದರೆ ಎಷ್ಟು ಬರುತ್ತದೆ ಎಂಬುದು ನಿಮ್ಮ ಪ್ರಶ್ನೆ.

ನೀವೇ ಹಾಕಬಹುದು, ಅರ್ಜಿಗೆ ಶುಲ್ಕವೂ ಇಲ್ಲ. ರಾಜ್ಯ ಸರಕಾರದ ಹೆಚ್ಚಿನ ವಿದ್ಯಾರ್ಥಿವೇತನಗಳು ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ಎಂದು ಎಲ್ಲರೂ ಕರೆಯುವ ಒಂದೇ ಜಾಲತಾಣದಲ್ಲಿವೆ. ಹಿಂದುಳಿದ ವರ್ಗಗಳ ಇಲಾಖೆಗೊಂದು, ಕೃಷಿ ಇಲಾಖೆಗೊಂದು ಎಂದು ಬೇರೆ ಬೇರೆ ಅರ್ಜಿ ಬೇಕಾಗಿಲ್ಲ. ಒಂದೇ ಅರ್ಜಿಯಲ್ಲಿ ಕೊಟ್ಟ ವಿವರಗಳನ್ನು ನೋಡಿ ಯಾವ ಇಲಾಖೆಯ ಯಾವ ಯೋಜನೆ ಅನ್ವಯಿಸುತ್ತದೆ ಎಂಬುದನ್ನು ಆ ವ್ಯವಸ್ಥೆಯೇ ವಿಂಗಡಿಸುತ್ತದೆ. ಆದ್ದರಿಂದ 'ಎಲ್ಲ ಸ್ಕಾಲರ್‌ಶಿಪ್‌ಗಳನ್ನೂ ಹಾಕುತ್ತೇನೆ' ಎಂಬ ಮಾತಿಗೆ ಹೆಚ್ಚಿನ ಅರ್ಥವಿಲ್ಲ. ದಾಖಲೆಗಳು ಸರಿಯಾಗಿದ್ದರೆ ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಹಣ ಬರುವುದೂ ನಿಲ್ಲುವುದೂ ತೀರ್ಮಾನವಾಗುವುದು ಅದಕ್ಕಿಂತ ಮೊದಲಿನ ಕೆಲಸದಲ್ಲಿ, ಅಂದರೆ ತಂಗಿಯ ಆಧಾರ್, ಹತ್ತನೆಯ ತರಗತಿಯ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ ಮತ್ತು ಬ್ಯಾಂಕ್ ಖಾತೆ ಈ ನಾಲ್ಕೂ ಒಬ್ಬಳೇ ಹುಡುಗಿಯ ಬಗ್ಗೆ ಮಾತನಾಡುತ್ತಿವೆಯೇ ಎಂಬುದರಲ್ಲಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ನಾನು ಇಂಡಿ ತಾಲೂಕಿನವನು, ಪದವಿ ಓದಿದ್ದು ವಿಜಯಪುರದಲ್ಲಿ. ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಮ್ಮ ಕಡೆಯ ಎಷ್ಟೋ ಮಂದಿಯಂತೆ ನಾನೂ ಅಣ್ಣನ ಬೆನ್ನು ಹತ್ತಿ ಗೋವಾಕ್ಕೆ ಕಟ್ಟಡದ ಕೂಲಿಗೆ ಹೋಗಿದ್ದೆ. ಪಗಾರ ಹಾಕಲೆಂದು ಮೇಸ್ತ್ರಿ ನಮ್ಮೆಲ್ಲರನ್ನೂ ಅಲ್ಲಿನ ಒಂದು ಬ್ಯಾಂಕಿಗೆ ಕರೆದೊಯ್ದು ಖಾತೆ ತೆಗೆಸಿದ. ಆಧಾರ್ ನಂಬರ್ ಹೇಳಿ, ಹೆಬ್ಬೆಟ್ಟು ಒತ್ತಿ ಬಂದೆ, ಎರಡು ತಿಂಗಳ ಬಳಿಕ ಊರಿಗೆ ಮರಳಿದ ಮೇಲೆ ಆ ಖಾತೆ ಇರುವುದನ್ನೇ ಮರೆತೆ. ಕಾಲೇಜು ಸೇರಿ ಅರ್ಜಿ ಹಾಕಿದಾಗ ಅದರಲ್ಲಿ ಎಲ್ಲಿಯೂ ಖಾತೆ ನಂಬರ್ ಕೇಳಲಿಲ್ಲ. ಊರಿನ ಬ್ಯಾಂಕಿನ ಪಾಸ್‌ಬುಕ್ ನನ್ನ ಹತ್ತಿರ ಇದೆಯಲ್ಲ, ಅದಕ್ಕೇ ಬರುತ್ತದೆ ಎಂದುಕೊಂಡು ತಿಂಗಳುಗಟ್ಟಲೆ ಎಂಟ್ರಿ ಹೊಡೆಸಿದೆ. ಕೊನೆಗೆ ಗೆಳೆಯನೊಬ್ಬ ತನ್ನ ಮೊಬೈಲಿನಲ್ಲಿ, ಸರಕಾರದ ಹಣ ನೇರ ಖಾತೆಗೆ (ಡಿಬಿಟಿ) ಬಂದದ್ದನ್ನು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿ ನನ್ನ ಆಧಾರ್ ಕೊಟ್ಟು ನೋಡಿದಾಗ ಹಣ ಎಂದೋ ಜಮೆಯಾಗಿತ್ತು, ಗೋವಾದ ಖಾತೆಗೆ! ಆ ಖಾತೆಗೆ ಕೊಟ್ಟಿದ್ದ ಸಿಮ್ ಕಳೆದುಹೋಗಿತ್ತು. ಹಣ ತೆಗೆಯಲು ಮತ್ತೆ ಮಡಗಾಂವಿನ ಬಸ್ಸು ಹತ್ತಿ, ಎರಡು ದಿನ ಅಲ್ಲಿಯೇ ಉಳಿದು, ಬಂದದ್ದರಲ್ಲಿ ಒಂದು ಪಾಲನ್ನು ಹೋಗಿ ಬರುವುದಕ್ಕೇ ಖರ್ಚು ಮಾಡಿದೆ.

ಆಗಿದ್ದು ಏನೆಂದರೆ, ಸರಕಾರದ ಹಣ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನಂಬರ್ ನೋಡಿ ಬರುತ್ತದೆ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದು ಕಾಲಕ್ಕೆ ಒಂದೇ ಬ್ಯಾಂಕ್ ಜೋಡಣೆಯಾಗಿರುತ್ತದೆ, ಕಡೆಯದಾಗಿ ಯಾವುದು ಜೋಡಣೆಯಾಯಿತೋ ಅದಕ್ಕೇ ಹಣ ಹೋಗುತ್ತದೆ. ಬ್ಯಾಂಕಿನವರು 'ಆಧಾರ್ ಲಿಂಕ್ ಆಗಿದೆ' ಎಂದರೆ ಸಾಲದು, ಏಕೆಂದರೆ ಕೆವೈಸಿಗಾಗಿ, ಅಂದರೆ ಗ್ರಾಹಕರ ಗುರುತಿಗಾಗಿ, ಆಧಾರ್ ಪ್ರತಿ ಪಡೆದು ಖಾತೆಗೆ ಸೇರಿಸುವುದು ಬೇರೆ, ಈ ಪಟ್ಟಿಯಲ್ಲಿ ಜೋಡಿಸುವುದು, ಅಂದರೆ ಸೀಡಿಂಗ್ ಮಾಡುವುದು ಬೇರೆ. ಬ್ಯಾಂಕಿಗೆ ಹೋದಾಗ ಡಿಬಿಟಿಗಾಗಿ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ ಎಂದೇ ಕೇಳಿ, ಒಪ್ಪಿಗೆ ಪತ್ರಕ್ಕೆ ತಂಗಿಯ ಸಹಿ ಹಾಕಿಸಿ. ಈಗಿರುವ ಸ್ಥಿತಿಯನ್ನು ಮೈಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂಬಲ್ಲಿ ನೀವೇ ನೋಡಬಹುದು, ಆದರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಬೇಕು. ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಆಧಾರ್‌ಗೆ ಚಿಕ್ಕಂದಿನಲ್ಲಿ ಯಾರದೋ ನಂಬರ್ ಕೊಟ್ಟಿರುತ್ತಾರೆ, ಅದು ಈಗ ಚಾಲ್ತಿಯಲ್ಲಿ ಇರುವುದಿಲ್ಲ. ಹಾಗಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಅವಳದೇ ನಂಬರ್ ಹಾಕಿಸಿ. ಅವಳ ಹೆಸರಿನಲ್ಲಿ ಖಾತೆಯೇ ಇಲ್ಲದಿದ್ದರೆ ಅಂಚೆ ಪಾವತಿ ಬ್ಯಾಂಕಿನ ಖಾತೆಯನ್ನು ಅಂಚೆಯಣ್ಣನ ಮೂಲಕವೇ ತೆಗೆಸಬಹುದು, ಆಗಲೇ ಸೀಡಿಂಗ್ ಮಾಡಿಕೊಡಲು ಹೇಳಿ. ತಾಯಿಯ ಖಾತೆಗೆ ಗೃಹಲಕ್ಷ್ಮಿಯ ಹಣ ಸರಿಯಾಗಿ ಬರುತ್ತಿದೆ, ಅದನ್ನೇ ಕೊಡೋಣ ಎಂದು ಕೇಳುವವರೂ ಇದ್ದಾರೆ. ಅದು ಆಗದು, ವಿದ್ಯಾರ್ಥಿಯ ಆಧಾರ್‌ಗೆ ಜೋಡಣೆಯಾದ ವಿದ್ಯಾರ್ಥಿಯ ಖಾತೆಯೇ ಬೇಕು.

ಎರಡನೆಯ ತೊಡಕು ಹೆಸರಿನದು, ನಮ್ಮ ಭಾಗದಲ್ಲಿ ಇದು ಉಳಿದೆಡೆಗಿಂತ ಹೆಚ್ಚು ಎಂದು ನನಗನಿಸುತ್ತದೆ. ನಾವು ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬರೆಯುವವರು. ಶಾಲೆಯಲ್ಲಿ ಒಬ್ಬ ಮಾಸ್ತರರು ಅಡ್ಡಹೆಸರನ್ನು ಮೊದಲು ಬರೆಯುತ್ತಾರೆ, ಇನ್ನೊಬ್ಬರು ತಂದೆಯ ಹೆಸರನ್ನು ಒಂದಕ್ಷರಕ್ಕೆ ಇಳಿಸುತ್ತಾರೆ, ಆಧಾರ್ ಮಾಡುವವನು ಅಡ್ಡಹೆಸರನ್ನೇ ಬಿಟ್ಟಿರುತ್ತಾನೆ. ಮನೆಯಲ್ಲಿ ಕರೆಯುವ ಹೆಸರೇ ಆಧಾರ್‌ನಲ್ಲಿ ಸೇರಿಕೊಂಡದ್ದನ್ನೂ ನೋಡಿದ್ದೇನೆ. ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ ಕೊಟ್ಟಾಗ ಬರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಮತ್ತು ಜಾತಿ-ಆದಾಯದಲ್ಲಿರುವ ಹೆಸರು ಹೊಂದದಿದ್ದರೆ ಅರ್ಜಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಸರಿಪಡಿಸುವುದಾದರೆ ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಆಧಾರ್ ತಿದ್ದಿಸಿ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಸುತ್ತು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಸಲ ಮಾತ್ರ ಬದಲಿಸಲು ಅವಕಾಶ, ಆದ್ದರಿಂದ ಅಕ್ಷರ ಅಕ್ಷರವನ್ನೂ ಕಾಗದದ ಮೇಲೆ ಬರೆದುಕೊಂಡು ಹೋಗಿ. ಆಧಾರ್ ಸರಿಯಾದ ಮೇಲೆಯೇ ಜಾತಿ-ಆದಾಯಕ್ಕೆ ಹೋಗಬೇಕು, ಹಿಂದುಮುಂದಾದರೆ ಅದನ್ನೂ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ.

ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಅದು ತಂದೆಯ ಹೆಸರಿನಲ್ಲಲ್ಲ, ತಂಗಿಯ ಹೆಸರಿನಲ್ಲಿಯೇ ಇರಬೇಕು. ಅರ್ಜಿಯಲ್ಲಿ ಪ್ರಮಾಣಪತ್ರದ ಪ್ರತಿಗಿಂತ ಅದರ ಮೇಲಿನ ಆರ್‌ಡಿ ನಂಬರ್ ಮುಖ್ಯ. ಅದನ್ನು ಹಾಕಿದೊಡನೆ ಪ್ರವರ್ಗವೂ ಆದಾಯವೂ ತಾವಾಗಿಯೇ ಬರುತ್ತವೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಏರಿ ಮನೆಯ ಕಾಗದಪತ್ರಗಳೆಲ್ಲ ನೀರುಪಾಲಾದಾಗಲೂ ಈ ನಂಬರ್ ಬರೆದಿಟ್ಟುಕೊಂಡವರಿಗೆ ಪ್ರಮಾಣಪತ್ರ ಮತ್ತೆ ತೆಗೆಯುವುದು ಕಷ್ಟವಾಗಲಿಲ್ಲ. ಆದಾಯ ಎಷ್ಟೆಂದು ವರದಿ ಕೊಡುವವರು ನಾವು ಇನ್ನೂ ತಲಾಠಿ ಎಂದೇ ಕರೆಯುವ ಗ್ರಾಮ ಆಡಳಿತ ಅಧಿಕಾರಿ. ಹಳೆಯ ಪ್ರಮಾಣಪತ್ರವೊಂದು ಮನೆಯಲ್ಲಿದ್ದರೆ ಅದರ ಅವಧಿ ಮುಗಿದಿಲ್ಲವೇ ನೋಡಿ. ಆದಾಯ ಮಿತಿ ಇಲಾಖೆಯಿಂದ ಇಲಾಖೆಗೆ ಬೇರೆ: ಪರಿಶಿಷ್ಟರ ಮೆಟ್ರಿಕ್ ನಂತರದ ವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ, ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ ಹೆಚ್ಚು, 2ಎ ಮತ್ತು 3ಕ್ಕೆ ಕಡಿಮೆ ಇರುತ್ತ ಬಂದಿದೆ. ನಿಮ್ಮದು 2ಎ ಆದ್ದರಿಂದ ಈ ವರ್ಷದ ಪ್ರಕಟಣೆಯಲ್ಲಿರುವ ಅಂಕಿಯನ್ನು ಮೊದಲು ಓದಿ, ಬಳಿಕ ನಾಡಕಚೇರಿಗೆ ಹೋಗಿ.

ಎಷ್ಟು ಬರುತ್ತದೆ ಎಂಬುದಕ್ಕೆ ಬರುತ್ತೇನೆ. ಮೆಟ್ರಿಕ್ ನಂತರದ ವೇತನದ ಮೊತ್ತ ಸಾಮಾನ್ಯ ಪದವಿಗೆ ಸಣ್ಣದು, ಅದನ್ನು ನಂಬಿ ಲೆಕ್ಕ ಹಾಕಬೇಡಿ. ನಿಮ್ಮ ತಂಗಿಗೆ ತೂಕದ್ದು ವಿದ್ಯಾಸಿರಿ. ಸರಕಾರಿ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಗದ ಹಿಂದುಳಿದ ವರ್ಗದವರಿಗೆ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು, ಒಟ್ಟು 15,000 ರೂಪಾಯಿ ಕೊಡುತ್ತ ಬಂದಿದ್ದಾರೆ. ಆದರೆ ನನ್ನನ್ನು ಕೇಳಿದರೆ ಮೊದಲು ವಿದ್ಯಾರ್ಥಿನಿಲಯಕ್ಕೇ ಅರ್ಜಿ ಹಾಕಿ, ಏಕೆಂದರೆ ಬಾಗಲಕೋಟೆಯಲ್ಲಿ ಬಾಡಿಗೆ ಕೋಣೆ, ಊಟ ಎರಡಕ್ಕೂ ಈ ಹಣ ಸಾಲುವುದಿಲ್ಲ. ವಿದ್ಯಾರ್ಥಿನಿಲಯ ಸಿಕ್ಕರೆ ವಿದ್ಯಾಸಿರಿ ಸಿಗುವುದಿಲ್ಲ, ಅದರಲ್ಲಿ ನಷ್ಟವೂ ಇಲ್ಲ.

ಇನ್ನೊಂದು ರೈತ ವಿದ್ಯಾನಿಧಿ. 2021ರಲ್ಲಿ ಇದು ಆರಂಭವಾದಾಗ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಓದುವ ರೈತರ ಮಕ್ಕಳಲ್ಲಿ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿ ಮಾಡಿದ್ದರು. ಇದಕ್ಕೆ ಬೇಕಾದದ್ದು ತಂದೆ ಅಥವಾ ತಾಯಿಯ ಫ್ರೂಟ್ಸ್ ಐಡಿ, ಅಂದರೆ ರೈತರಿಗೆ ಸರಕಾರ ಕೊಡುವ ನೋಂದಣಿ ಸಂಖ್ಯೆ, ಎಫ್‌ಐಡಿ. ನೀವು 'ಮನೆಗೆ ಮೂರು ಎಕರೆ' ಎಂದು ಬರೆದಿದ್ದೀರಿ; ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆ ಎಂದು ಬರೆದಿಲ್ಲ. ನಮ್ಮಲ್ಲಿ ಹತ್ತರಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜ ತೀರಿಕೊಂಡು ವರ್ಷಗಳಾದರೂ ಉತಾರ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ, ಅಣ್ಣತಮ್ಮಂದಿರ ನಡುವೆ ಮಾತು ಮುಗಿಯದೆ ವಾರಸಾ (ಹೊಲವನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿರುವುದಿಲ್ಲ. ತಂದೆಯ ಹೆಸರಿನಲ್ಲಿ ಹೊಲವಿಲ್ಲದಿದ್ದರೆ ಅವರಿಗೆ ರೈತನೆಂದು ಎಫ್‌ಐಡಿ ಆಗುವುದು ಕಷ್ಟ, ಅದಿಲ್ಲದೆ ಈ ಹಣವೂ ಇಲ್ಲ. ಹೆಸರು ಬಂದಿದ್ದರೆ ಉತಾರ, ಆಧಾರ್, ಪಾಸ್‌ಬುಕ್ ಹಿಡಿದು ತಂದೆಯವರನ್ನು ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಿ. ಬಂದಿಲ್ಲದಿದ್ದರೆ ಈ ನೆಪದಲ್ಲಾದರೂ ವಾರಸಾದ ಮಾತು ಎತ್ತಿ, ತಂಗಿಗೆ ಇನ್ನೂ ಎರಡು ವರ್ಷ ಓದು ಇದೆ.

ಕೇಂದ್ರ ಸರಕಾರದ್ದು ಎನ್‌ಎಸ್‌ಪಿ (ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್) ಎಂಬ ಬೇರೆಯೇ ತಾಣ. ಪಿಯುಸಿಯಲ್ಲಿ ಅವಳ ಅಂಕಗಳು ಮಂಡಳಿಯ ಮೇಲಿನ 20 ಪರ್ಸೆಂಟೈಲ್ ಒಳಗಿದ್ದು (ಅಂದರೆ ನೂರು ಮಂದಿಯಲ್ಲಿ ಮೊದಲ ಇಪ್ಪತ್ತರೊಳಗೆ), ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ ಅಲ್ಲಿ ಪದವಿಯ ಮೂರೂ ವರ್ಷ ವರ್ಷಕ್ಕೆ 12,000 ರೂಪಾಯಿಯ ಯೋಜನೆಯೊಂದಿದೆ. ಅದನ್ನು ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಎರಡೂ ಕಡೆ ಹಾಕಿಬಿಡೋಣ ಎಂಬ ಸಲಹೆಯನ್ನು ಕೇಳದೆ, ವಿದ್ಯಾಸಿರಿ ಸಿಗುವ ಸಂಭವ ಎಷ್ಟು ಎಂದು ಅಳೆದು ಒಂದನ್ನು ಆರಿಸಿ.

ಅರ್ಜಿ ತುಂಬುವಾಗ ನೆನಪಿಡಬೇಕಾದದ್ದು ಎರಡೇ. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆದ ಮೇಲೆ ಜಿಲ್ಲೆಯ ಮಕ್ಕಳು ಅಭ್ಯಾಸಬಲದಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವನ್ನೇ ಆರಿಸಿಬಿಡುವುದುಂಟು. ಪ್ರವೇಶದ ದಾಖಲೆಯಲ್ಲಿ ಏನಿದೆಯೋ ಅದನ್ನೇ ಆರಿಸಲಿ. ಮತ್ತೆ, ಶುಲ್ಕದ ರಸೀದಿ, ವ್ಯಾಸಂಗ ಪ್ರಮಾಣಪತ್ರಗಳಿಗೆ ಇ-ದೃಢೀಕರಣ ಆಗಬೇಕು. ಅದನ್ನು ಮಾಡುವ ಅಧಿಕಾರಿ ಕಾಲೇಜಿನಲ್ಲಿಯೇ ಇರುತ್ತಾರೆ, ಕೊನೆಯ ವಾರ ಅವರ ಮೇಜಿನ ಮುಂದೆ ಸಾಲು ಕಾಲೇಜಿನ ಗೇಟಿನವರೆಗೆ ಬರುತ್ತದೆ. ಅರ್ಜಿ ಸಲ್ಲಿಸಿದ ಮೇಲೆ ತಿಂಗಳಿಗೊಮ್ಮೆ ಸ್ಥಿತಿ ನೋಡಿ. ಕಾಲೇಜಿನ ಹಂತದಲ್ಲಿಯೇ ನಿಂತಿದ್ದರೆ ಕಾಲೇಜಿಗೆ, ಅದು ದಾಟಿದ್ದರೆ ತಾಲೂಕು ಹಿಂದುಳಿದ ವರ್ಗಗಳ ಕಲ್ಯಾಣ ಕಚೇರಿಗೆ ಹೋಗಬೇಕು. ಯಾವ ಹಂತ ಎಂದು ತಿಳಿಯದೆ ಹೋದವರು ಈ ಬಾಗಿಲಿಂದ ಆ ಬಾಗಿಲಿಗೆ ಅಲೆಯುತ್ತಾರೆ.

ಸೈಬರ್ ಅಂಗಡಿಯವನ ವಿಷಯ. ಮನೆಯಲ್ಲಿ ಪ್ರಿಂಟರ್ ಇಲ್ಲ, ಸ್ಕ್ಯಾನ್ ಮಾಡಲು ಬರುವುದಿಲ್ಲ ಎಂದಾದರೆ ಅದಕ್ಕಾಗಿ ಅವನಿಗೆ ಐವತ್ತೋ ನೂರೋ ಕೊಡುವುದರಲ್ಲಿ ತಪ್ಪಿಲ್ಲ, ಅದು ಅವನ ದುಡಿಮೆ. ಆದರೆ ಎಸ್‌ಎಸ್‌ಪಿ ತಾಣದಲ್ಲಿ ಖಾತೆ ತೆರೆಯುವಾಗ ತಂಗಿ ಪಕ್ಕದಲ್ಲಿ ಕುಳಿತಿರಲಿ, ಮೊಬೈಲ್ ನಂಬರ್ ಅವಳದೇ ಇರಲಿ, ಪಾಸ್‌ವರ್ಡ್ ಅವಳೇ ಬರೆದುಕೊಳ್ಳಲಿ. ನಮ್ಮೂರಿನ ಮೂವರು ಹುಡುಗಿಯರ ಅರ್ಜಿಗಳು ಒಬ್ಬನೇ ಅಂಗಡಿಯವನ ಮೊಬೈಲ್ ನಂಬರಿನಲ್ಲಿದ್ದವು. ಮರುವರ್ಷ ನವೀಕರಣಕ್ಕೆ ಹೋದಾಗ ಅವನು ಅಂಗಡಿ ಮುಚ್ಚಿ ಪುಣೆಗೆ ಹೋಗಿದ್ದ.