ತುಳಸಿ ಸಾರದ ಬೆಳ್ಳಿ ನ್ಯಾನೋಕಣ: ಖಾಡಿ ನೀರಿಗೆ ಬಣ್ಣ ಹೋದರೆ ಪಾದರಸ ಇದೆ ಎನ್ನಬಹುದೇ?
ತುಳಸಿ ಸಾರದಿಂದ ಮಾಡಿದ ಬೆಳ್ಳಿ ನ್ಯಾನೋ ದ್ರಾವಣದ ಕಂದು ಬಣ್ಣ ಪಾದರಸದ ಲವಣ ಹಾಕಿದಾಗ ಮಾಸಿತು, ಠಾಣೆ ಖಾಡಿಯ (ಮುಂಬೈ ಪಕ್ಕ ಸಮುದ್ರದ ನೀರು ಒಳನುಗ್ಗುವ ಕವಲು) ನೀರು ಹಾಕಿದಾಗಲೂ ಮಾಸಿತು, ಹಾಗಾದರೆ ಖಾಡಿಯಲ್ಲಿ ಪಾದರಸ ಇದೆ ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆಯಬಹುದೇ ಎಂದು ಕೇಳಿದ್ದೀರಿ.

ದಯವಿಟ್ಟು ಬರೆಯಬೇಡಿ. ಅದು ಬಹುಮಟ್ಟಿಗೆ ಉಪ್ಪಿನ ಕೆಲಸ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುತ್ತದೆ. ಖಾಡಿಯಲ್ಲಿ ಭರತ ಇಳಿತ ನೋಡಿಕೊಂಡು ಹೆಚ್ಚುಕಡಿಮೆ. ನಿಮ್ಮ ಕಣಗಳು ಋಣ ವಿದ್ಯುದಂಶದಿಂದ ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಉಪ್ಪು ಸೇರಿದರೆ ಆ ತಳ್ಳುವಿಕೆ ಸಾಯುತ್ತದೆ, ಕಣಗಳು ಅಂಟಿಕೊಂಡು ತಳ ಸೇರುತ್ತವೆ.

ಪಾದರಸದಿಂದ ಬಣ್ಣ ಮಾಸುವುದೂ ಉಪ್ಪಿನಿಂದ ಮಾಸುವುದೂ ಬರಿಗಣ್ಣಿಗೆ ಒಂದೇ. ಯುವಿ-ವಿಸಿಬಲ್‌ನಲ್ಲಿ (ದ್ರಾವಣ ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಯಂತ್ರ) 300ರಿಂದ 800 ನ್ಯಾನೋಮೀಟರ್ ಪೂರ್ತಿ ಸ್ಕ್ಯಾನ್ ಮಾಡಿ, ವ್ಯತ್ಯಾಸ ಕಾಣುತ್ತದೆ. ಒಳ್ಳೆಯ ದ್ರಾವಣ ಬೆಳಕನ್ನು ಅತಿ ಹೆಚ್ಚು ಹೀರುವ ಶಿಖರ 400–450ರ ನಡುವೆ ಬರುತ್ತದೆ. ಪಾದರಸ ಬೆಳ್ಳಿಯ ಮೇಲೆ ಕೂತು ಅಮಾಲ್ಗಮ್ (ಪಾದರಸ ಬೆರೆತ ಮಿಶ್ರಲೋಹ) ಆದಾಗ ಶಿಖರ ಕುಗ್ಗುತ್ತಾ ಕಡಿಮೆ ತರಂಗಾಂತರದ ಕಡೆ ಸರಿಯುತ್ತದೆ. ಉಪ್ಪಿನಿಂದ ಅಂಟಿಕೊಂಡರೆ ಶಿಖರ ಕುಗ್ಗಿ, 550ರ ಆಚೆ ಅಗಲವಾದ ದಿಬ್ಬ ಏಳುತ್ತದೆ. ಒಂದೇ ತರಂಗಾಂತರದ ರೀಡಿಂಗ್ ನಂಬಿ ಕೂತವರು ಇಲ್ಲೇ ಮೋಸಹೋಗುವುದು. ಖಾಡಿ ನೀರಿನಷ್ಟೇ ಉಪ್ಪಿರುವ, ಪಾದರಸವಿಲ್ಲದ ಸೋಡಿಯಂ ಕ್ಲೋರೈಡ್ ದ್ರಾವಣವನ್ನೂ ಜೊತೆಗೆ ಪರೀಕ್ಷಿಸಿ. ಅದರಲ್ಲೂ ಬಣ್ಣ ಹೋದರೆ ಈ ಸೆನ್ಸರ್ ಖಾಡಿಗೆ ಒಗ್ಗುವುದಿಲ್ಲ. ನೂರು ಪಟ್ಟು ತೆಳು ಮಾಡಿದರೂ ಪ್ರಯೋಜನವಿಲ್ಲ, ಪಾದರಸವೂ ಅಷ್ಟೇ ತೆಳುವಾಗುತ್ತದೆ.

ತಯಾರಿಯನ್ನೂ ಬಿಗಿ ಮಾಡಿ. ಮಳೆಗಾಲದ ಎಲೆಯಲ್ಲಿ ನೀರು ಹೆಚ್ಚು, ತೂಕ ನಂಬಲಾಗದು. ನೆರಳಲ್ಲಿ ಒಣಗಿಸಿದ ಪುಡಿ 2 ಗ್ರಾಂ, ಡಿಸ್ಟಿಲ್ಡ್ ವಾಟರ್ 100 ಮಿ.ಲೀ., 70–80 ಡಿಗ್ರಿಯಲ್ಲಿ 10 ನಿಮಿಷ, ವಾಟ್ಮನ್ 1 ಸೋಸುಕಾಗದದಲ್ಲಿ ಸೋಸಿ. ಇದರ 1 ಭಾಗಕ್ಕೆ 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ (100 ಮಿ.ಲೀ.ಗೆ 17 ಮಿ.ಗ್ರಾಂ) 9 ಭಾಗ. ಗಾಜಿನ ಸಾಮಾನನ್ನು ಕೊನೆಗೆ ನಲ್ಲಿ ನೀರಲ್ಲಿ ತೊಳೆದರೆ ಬಿಳಿ ಮಸುಕು ಬರುತ್ತದೆ, ಅದು ಸಿಲ್ವರ್ ಕ್ಲೋರೈಡ್. ಕಣಗಳಾದ ಮೇಲೆ ಉಳಿದ ಸಾರದಲ್ಲಿನ ಸಸ್ಯರಾಸಾಯನಿಕಗಳಾದ ಪಾಲಿಫೀನಾಲ್‌ಗಳು ಪಾದರಸವನ್ನು ತಾವೇ ಹಿಡಿದುಕೊಳ್ಳುತ್ತವೆ. ಅವನ್ನು ತೆಗೆಯಲು 12,000 ಆರ್‌ಪಿಎಂನಲ್ಲಿ 20 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೂರು ಸಲ ತೊಳೆಯಿರಿ. ಎಲೆಯ ಸಾರ ಎಂದರೆ ಹಗುರವಾಗಿ ನೋಡಬೇಡಿ: ಇಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ತಂಡ ನಿಂಬೆಹುಲ್ಲಿನ ಸಾರದಿಂದಲೇ ಚಿನ್ನದ ತ್ರಿಕೋನ ಕಣಗಳನ್ನು ಪಡೆದು 2004ರಲ್ಲಿ ಪ್ರಕಟಿಸಿತ್ತು. ಆಕಾರ, ಗಾತ್ರ ಎಲ್ಲವೂ ಸಾರದ ಮೇಲೇ ನಿಂತಿದೆ.

ಇನ್ನೊಂದು ಲೆಕ್ಕ. 1 ಮೈಕ್ರೋಮೋಲಾರ್ ಪಾದರಸ ಎಂದರೆ ಲೀಟರಿಗೆ 0.2 ಮಿ.ಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಇಟ್ಟ ಮಿತಿ ಲೀಟರಿಗೆ 0.001 ಮಿ.ಗ್ರಾಂ. ಅಂದರೆ ಮೈಕ್ರೋಮೋಲಾರ್ ಮಟ್ಟದಲ್ಲಷ್ಟೇ ಬಣ್ಣ ಬದಲಾಗುವ ಸೆನ್ಸರ್ ಮಿತಿಯ 200 ಪಟ್ಟು ದಾಟಿದ ಮೇಲೆ ಎಚ್ಚರಿಸುತ್ತದೆ. ನಿಮ್ಮದನ್ನು ಸಿಹಿನೀರಿನ ಪ್ರಾಥಮಿಕ ಪರೀಕ್ಷೆ ಎಂದು ಮಂಡಿಸಿ. ಖಾಡಿಯ ಮಾದರಿಯನ್ನು ಪಾದರಸವನ್ನು ಆವಿ ಮಾಡಿ ಅಳೆಯುವ ಪ್ರಯೋಗಾಲಯದ ವಿಧಾನವಾದ ಕೋಲ್ಡ್ ವೇಪರ್ ಅಟಾಮಿಕ್ ಅಬ್ಸಾರ್ಪ್ಷನ್‌ಗೆ ಕಳಿಸಿ. ಪಾದರಸ ಮುಟ್ಟಿದ ನೀರು, ಪಿಪೆಟ್ಟಿನ ಟಿಪ್, ಎಲ್ಲವೂ ಲೇಬಲ್ ಹಚ್ಚಿದ ಬೇರೆ ಬಾಟಲಿಗೆ ಹೋಗಬೇಕು, ಸಿಂಕಿಗಲ್ಲ.