ಡೈವ್ ಎಷ್ಟಾಗಿದೆ ಅಂದರೆ ನಾಲ್ಕೇ ಅನ್ನಿ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಪಿಯು ಕಾಲೇಜಿನ ಭೌತಶಾಸ್ತ್ರ ಮೇಷ್ಟ್ರು. ವಯಸ್ಸು 52. ಕಳೆದ ಜನವರಿಯಲ್ಲಿ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಕೋರ್ಸ್, ಅಂದರೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ಡೈವಿಂಗಿನ ಮೊದಲ ಕೋರ್ಸ್, ಮುಗಿಸಿದೆ. ಕೋರ್ಸಿನ ನಾಲ್ಕು ಡೈವ್ ಬಿಟ್ಟರೆ ಮತ್ತೆ ನೀರಿಗೆ ಇಳಿದಿಲ್ಲ. ಹ್ಯೂಸ್ಟನ್‌ನಲ್ಲಿರುವ ಮಗಳು ಡಿಸೆಂಬರ್‌ನಲ್ಲಿ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಡುವ ಏಳು ದಿನದ ಕ್ರೂಸ್‌ಗೆ ನಮ್ಮಿಬ್ಬರಿಗೂ ಟಿಕೆಟ್ ಮಾಡಿದ್ದಾಳೆ. ಹಡಗು ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪ ಮತ್ತು ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ನಿಲ್ಲುತ್ತದೆ. ಎರಡೂ ಕಡೆ ಡೈವ್ ಮಾಡುವ ಆಸೆ. ಹಡಗಿನವರ ಮೂಲಕವೇ ಬುಕ್ ಮಾಡಬೇಕಾ? ಹೊರಗಿನ ಡೈವಿಂಗ್ ಅಂಗಡಿಯಲ್ಲಿ ಕಡಿಮೆಗೆ ಆಗುತ್ತಂತೆ. ಸಾಮಾನು ಏನೇನು ಕೊಳ್ಳಲಿ? ನನ್ನವಳಿಗೆ ಈಜು ಬರುವುದಿಲ್ಲ, ಅವಳು ಏನು ಮಾಡಬಹುದು? ಅಂದಹಾಗೆ, ಬಿ.ಪಿ.ಗೆ ದಿನಾ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ.
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಕಾಗದದ ಕೊನೆಯಲ್ಲಿ ‘ಅಂದಹಾಗೆ’ ಅಂತ ಬರೆದಿದ್ದೀರಲ್ಲ, ಅದನ್ನೇ ಮೊದಲು ನೋಡೋಣ.

ದೋಣಿ ಹತ್ತುವ ಮುಂಚೆ ನಿಮ್ಮ ಕೈಗೆ ಒಂದು ಆರೋಗ್ಯದ ಫಾರಂ ಕೊಡುತ್ತಾರೆ. ನೇತ್ರಾಣಿಯಲ್ಲೂ ತುಂಬಿರುತ್ತೀರಿ. ಅದರಲ್ಲಿ 45 ದಾಟಿದವರಿಗೆ ಬೇರೆ ಪ್ರಶ್ನೆಗಳಿವೆ, ಬಿ.ಪಿ. ಬಗ್ಗೆಯೂ ಇದೆ. ‘ಹೌದು’ ಅಂತ ಬರೆದರೆ ಡಾಕ್ಟರ ಸಹಿ ಕೇಳುತ್ತಾರೆ. ಬೆಳಿಗ್ಗೆ ಎಂಟು ಗಂಟೆಗೆ ಮೆಕ್ಸಿಕೋದ ಹಡಗುಕಟ್ಟೆಯಲ್ಲಿ ಡಾಕ್ಟರನ್ನು ಎಲ್ಲಿಂದ ತರುತ್ತೀರಿ? ಅಲ್ಲಿ ಎಷ್ಟೋ ಜನ ಸುಮ್ನೆ ‘ಇಲ್ಲ’ ಅಂತ ಗೀಚಿ ಹತ್ತಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಊರಿನಲ್ಲೇ ನಿಮ್ಮ ಡಾಕ್ಟರಿಗೆ ಫಾರಂ ತೋರಿಸಿ, ಡೈವ್ ಮಾಡಬಹುದಾ, ಈ ಮಾತ್ರೆ ಸರಿಯಾ ಅಂತ ಕೇಳಿ, ಸಹಿ ಹಾಕಿಸಿಕೊಂಡು ಎರಡು ಪ್ರತಿ ಬ್ಯಾಗಿನಲ್ಲಿಟ್ಟುಕೊಳ್ಳಿ. ಅವರು ಬೇಡ ಅಂದರೆ ಬೇಡ. ಮನೆಯವರ ಜೊತೆ ಹಡಗಿನ ಮೇಲೆ ಕೂತು ಸಮುದ್ರ ನೋಡುವುದೂ ಸಣ್ಣ ಸುಖವಲ್ಲ.

ಸರಿ ಅಂದರು ಅಂತಿಟ್ಟುಕೊಳ್ಳಿ. ಆಗ ಎರಡನೆಯ ಕೆಲಸ, ಹೊರಡುವ ಮುಂಚೆ ಇನ್ನೊಂದು ಸಲ ನೇತ್ರಾಣಿ. ನೀವು ನೀರು ಬಿಟ್ಟು ವರ್ಷವಾಗುತ್ತ ಬಂತು. ಮಾಸ್ಕಿಗೆ ನೀರು ತುಂಬಿದರೆ ಮೂಗಿನಿಂದ ಊದಿ ಹೊರಹಾಕುವುದು ತಲೆಗೆ ನೆನಪಿರುತ್ತದೆ, ಕೈಗೆ ನೆನಪಿರುವುದಿಲ್ಲ. ಮಳೆಗಾಲ ಮುಗಿದು ಅಕ್ಟೋಬರ್ ಹೊತ್ತಿಗೆ ಮುರ್ಡೇಶ್ವರದ ದೋಣಿಗಳು ಮತ್ತೆ ಹೊರಡುತ್ತವೆ. ನೀವು ಜೋಗದ ದಾರಿಯಲ್ಲಿ ಇಳಿದರೆ ಆಯಿತು. ‘ರಿಫ್ರೆಶರ್ ಬೇಕು’ ಅಂತ ಹೇಳಿ, ಎರಡು ಡೈವ್ ಮಾಡಿ, ಆ ರಾತ್ರಿ ಅಲ್ಲೇ ಮಲಗಿ. ಇದನ್ನು ಬೆಂಗಳೂರಿನವರಿಗೆ ಜಾಸ್ತಿ ಒತ್ತಿ ಹೇಳುತ್ತೇನೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಮಧ್ಯಾಹ್ನ ಡೈವ್ ಮುಗಿಸಿ ಸಂಜೆಯ ಬಸ್ಸಿಗೆ ಘಾಟಿ ಹತ್ತುತ್ತಾರೆ! ವಿಮಾನದ ನಿಯಮ ಲೆಕ್ಕಕ್ಕೆ ಬರುವುದು 2000 ಅಡಿ ಎತ್ತರದಿಂದ. ಬೆಂಗಳೂರು ಇರುವುದು ಸುಮಾರು 3000 ಅಡಿಯಲ್ಲಿ. ಡೈವ್ ಮಾಡುವಾಗ ಮೈಯಲ್ಲಿ ಕರಗಿ, ಎತ್ತರಕ್ಕೆ ಹೋದರೆ ಗುಳ್ಳೆಯಾಗುವ ನೈಟ್ರೋಜನ್‌ಗೆ ಬಸ್ಸು ಯಾವುದು, ವಿಮಾನ ಯಾವುದು ಅಂತ ಗೊತ್ತಾಗುವುದಿಲ್ಲ.

ಹಡಗಿನವರಾ, ಹೊರಗಿನವರಾ ಅನ್ನುವುದಕ್ಕೆ ಬರೋಣ. ನಾನು ಒಂಬತ್ತು ವರ್ಷ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದವನು, ಹಾಗಾಗಿ ಎರಡೂ ಕಡೆಯ ಮಾತು ಗೊತ್ತು. ಹಡಗಿನ ಮೂಲಕ ಬುಕ್ ಮಾಡಿದರೆ ದುಡ್ಡು ಜಾಸ್ತಿ. ಆದರೆ ನಿಮ್ಮ ದೋಣಿ ತಡವಾದರೆ ಹಡಗು ಕಾಯುತ್ತದೆ. ಹೊರಗೆ ಬುಕ್ ಮಾಡಿದರೆ ಗುಂಪು ಚಿಕ್ಕದಿರಬಹುದು, ಗೈಡ್ ನಿಮ್ಮ ಕಡೆ ಹೆಚ್ಚು ಗಮನ ಕೊಡಬಹುದು. ಆದರೆ ಹಡಗು ಕಾಯುವುದಿಲ್ಲ. ಕಟ್ಟೆಯ ಮೇಲೆ ಓಡೋಡಿ ಬರುವವರನ್ನು ಮೇಲಿನ ಡೆಕ್ಕಿನಿಂದ ಉಳಿದವರು ಚಪ್ಪಾಳೆ ತಟ್ಟಿ ಹುರಿದುಂಬಿಸುವುದನ್ನು ಎಷ್ಟು ಸಲ ನೋಡಿದ್ದೇನೋ. ಆ ಚಪ್ಪಾಳೆ ನಿಮಗೆ ಬೇಡ.

ನನ್ನ ಸಲಹೆ: ಗ್ರ್ಯಾಂಡ್ ಕೇಮನ್‌ನಲ್ಲಿ ಹಡಗಿನ ಮೂಲಕವೇ ಹೋಗಿ. ಅಲ್ಲಿ ಹಡಗು ಕಟ್ಟೆಗೆ ಬರುವುದಿಲ್ಲ, ದೂರ ನಿಂತು ಚಿಕ್ಕ ದೋಣಿಯಲ್ಲಿ ಜಾರ್ಜ್‌ಟೌನ್‌ಗೆ ಇಳಿಸುತ್ತಾರೆ. ಆ ಸಾಲಿನಲ್ಲೇ ಹೊತ್ತು ಹೋಗುತ್ತದೆ. ಕೊಜುಮೆಲ್‌ನಲ್ಲಿ ಹಡಗು ಕಟ್ಟೆಗೇ ನಿಲ್ಲುತ್ತದೆ, ಹಾಗಾಗಿ ಹೊರಗಿನ ಒಳ್ಳೆಯ ಅಂಗಡಿಯನ್ನು ಮೊದಲೇ ಮಾತಾಡಿಕೊಂಡು ಹೋಗಬಹುದು. ‘ಹಡಗು ನಿಲ್ಲದಿದ್ದರೆ ದುಡ್ಡು ವಾಪಸ್ಸಾ?’ ಅಂತ ಬರಹದಲ್ಲಿ ಕೇಳಿಕೊಳ್ಳಿ. ಡಿಸೆಂಬರ್‌ನಲ್ಲಿ ಉತ್ತರದಿಂದ ಗಾಳಿ ಬೀಸುತ್ತದೆ, ಅದಕ್ಕೆ ಅಲ್ಲಿಯವರು ‘ನೋರ್ತೆ’ ಅನ್ನುತ್ತಾರೆ. ಜೋರಾದರೆ ಬಂದರಿನವರು ಚಿಕ್ಕ ದೋಣಿಗಳನ್ನು ಬಿಡುವುದೇ ಇಲ್ಲ.

ಇನ್ನು ಗಡಿಯಾರ. ಡಿಸೆಂಬರ್‌ನಲ್ಲಿ ಗ್ಯಾಲ್ವೆಸ್ಟನ್‌ಗಿಂತ ಕೊಜುಮೆಲ್ ಒಂದು ಗಂಟೆ ಮುಂದು, ಕೇಮನ್ ಕೂಡ ಅಷ್ಟೇ. ಹಡಗು ಗ್ಯಾಲ್ವೆಸ್ಟನ್ ಸಮಯವನ್ನೇ ಇಟ್ಟುಕೊಂಡರೆ ಅಂಗಡಿಯವನ ಎಂಟು ಗಂಟೆ ನಿಮಗೆ ಏಳು. ನೀವು ಇಡ್ಲಿ ಇಲ್ಲವಲ್ಲ ಅಂತ ಬಫೆಯಲ್ಲಿ ಹುಡುಕುತ್ತಿರುವಾಗ ದೋಣಿ ಹೊರಟಿರುತ್ತದೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. ಫೋನನ್ನು ನಂಬಬೇಡಿ, ಅದು ದಡದ ಸಿಗ್ನಲ್ ಸಿಕ್ಕ ತಕ್ಷಣ ತಾನಾಗಿಯೇ ಬದಲಾಗುತ್ತದೆ. ಬುಕ್ ಮಾಡುವಾಗಲೇ ‘ಯಾವ ಸಮಯ?’ ಅಂತ ಕೇಳಿ.

ಈಗ ನನ್ನ ಒಂದು ಹಳೆಯ ಅವಮಾನ ಹೇಳುತ್ತೇನೆ. ಇಷ್ಟೆಲ್ಲ ಬರೆಯುತ್ತಿರುವುದು ಅದನ್ನು ಹೇಳುವುದಕ್ಕೇ.

ಹಡಗಿನ ಕೆಲಸದಲ್ಲಿದ್ದಾಗ ನಾನೂ ನಿಮ್ಮ ಹಾಗೆ, ಕೋರ್ಸ್ ಮುಗಿಸಿದವರಿಗೆ ಕೊಡುವ ಹೊಸ ಕಾರ್ಡ್ ಹಿಡಿದುಕೊಂಡು ಕೊಜುಮೆಲ್‌ನಲ್ಲಿ ಇಳಿದೆ. ಸಿಕ್ಕಿದ್ದು ಐದು ಗಂಟೆ ಬಿಡುವು. ಅಲ್ಲಿಯವರೆಗೆ ನನಗೆ ಆಗಿದ್ದುದು ಆರೇ ಡೈವ್. ದೋಣಿಯಲ್ಲಿ ಇನ್ನೂ ಮೂವರು, ಎಲ್ಲರದ್ದೂ ಸ್ವಂತ ಸಾಮಾನು, ಕೈಯಲ್ಲಿ ಆಳ, ಹೊತ್ತು ತೋರಿಸುವ ದೊಡ್ಡ ದೊಡ್ಡ ಡೈವ್ ಕಂಪ್ಯೂಟರು. ಗೈಡ್ ಕೇಳಿದ, ‘ಎಷ್ಟು ಡೈವ್ ಆಗಿದೆ?’ ನನ್ನ ಬಾಯಿಂದ ‘ಇಪ್ಪತ್ತು’ ಅಂತ ಬಂತು. ಯಾಕೆ ಬಂತೋ ಇವತ್ತಿಗೂ ಗೊತ್ತಿಲ್ಲ. ನಾಚಿಕೆ, ಇನ್ನೇನು. ಗುಂಪಿನಲ್ಲಿ ಹೊಸಬರಿಲ್ಲ ಅಂದುಕೊಂಡು ಸಾಂತಾ ರೋಸಾ ಗೋಡೆಗೆ ಕರೆದುಕೊಂಡು ಹೋದರು. ಹವಳದ ಗೋಡೆ ಅದು, ಕೆಳಗೆ ನೀಲಿಯೋ ನೀಲಿ, ತಳವೇ ಕಾಣುವುದಿಲ್ಲ. ಅಂಚಿನಲ್ಲಿ ನಿಂತರೆ ಎತ್ತರದ ಕಟ್ಟಡದಿಂದ ಬಗ್ಗಿ ನೋಡಿದ ಹಾಗೆ. ನನ್ನ ಕಾರ್ಡಿಗೆ 18 ಮೀಟರ್ ಮಿತಿ. ಒಮ್ಮೆ ಆಳ ತೋರಿಸುವ ಮುಳ್ಳು ನೋಡಿಕೊಂಡರೆ 90 ಅಡಿ, ಅಂದರೆ 27 ಮೀಟರ್. ಭಯಕ್ಕೆ ಉಸಿರು ಜೋರಾಯಿತು. ಉಳಿದವರ ಸಿಲಿಂಡರ್ ಅರ್ಧಕ್ಕಿಂತ ಜಾಸ್ತಿ ಇರುವಾಗ ನನ್ನದು ಕೆಂಪು ಗೆರೆಗೆ ಬಂದಿತ್ತು. ಗೈಡ್ ತನ್ನ ಸಿಲಿಂಡರಿನಿಂದ ಉಸಿರಾಡುವ ಎರಡನೇ ರೆಗ್ಯುಲೇಟರ್ ನನ್ನ ಬಾಯಿಗೆ ಕೊಟ್ಟು, ತೋಳು ಹಿಡಿದು ನಿಧಾನವಾಗಿ ಮೇಲೆ ತಂದ. ಮೈಯ ನೈಟ್ರೋಜನ್ ನಿಧಾನಕ್ಕೆ ಹೊರಹೋಗಲಿ ಅಂತ 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿಸಿದ. ಆ ಮೂರು ನಿಮಿಷ ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ದೋಣಿಯಲ್ಲಿ ಅವನು ಬೈಯಲಿಲ್ಲ. ‘ಇಪ್ಪತ್ತಾ?’ ಅಂತ ಒಂದು ಸಲ ಕೇಳಿ ಕಲ್ಲಂಗಡಿ ಹಣ್ಣಿನ ಹೋಳು ಕೊಟ್ಟ. ನನ್ನಿಂದಾಗಿ ಉಳಿದ ಮೂವರ ಡೈವ್ ಕೂಡ ಅರ್ಧಕ್ಕೆ ಮುಗಿದಿತ್ತು.

ಆದ್ದರಿಂದ ಮೇಷ್ಟ್ರೇ, ಕೇಳಿದರೆ ನಾಲ್ಕು ಅನ್ನಿ. ಕೇಳದಿದ್ದರೂ ಹೇಳಿ. ‘ನಾಲ್ಕು ಡೈವ್, ರಿಫ್ರೆಶರ್ ಎರಡು, 60 ಅಡಿಗಿಂತ ಕೆಳಗೆ ಬರುವುದಿಲ್ಲ’ ಅಂತ ಬುಕ್ ಮಾಡುವಾಗ ಒಮ್ಮೆ, ದೋಣಿಯಲ್ಲಿ ಇನ್ನೊಮ್ಮೆ. ಒಳ್ಳೆಯ ಅಂಗಡಿಯವರು ಇದನ್ನು ಕೇಳಿ ಮುಖ ಸಿಂಡರಿಸುವುದಿಲ್ಲ, ಸಮಾಧಾನಪಡುತ್ತಾರೆ. ಪಾಲಾಂಕಾರ್ ಗಾರ್ಡನ್ಸ್, ಪರಾಯಿಸೊ ಥರದ ಕಡಿಮೆ ಆಳದ ಜಾಗಕ್ಕೆ ಕರೆದುಕೊಂಡು ಹೋಗಿ ಅಂತ ಕೇಳಿ. ಏನೂ ಕಳೆದುಕೊಳ್ಳುವುದಿಲ್ಲ. ಬಹುತೇಕ ಕೊಜುಮೆಲ್ ಸುತ್ತಮುತ್ತ ಮಾತ್ರ ಸಿಗುವ ಸ್ಪ್ಲೆಂಡಿಡ್ ಟೋಡ್‌ಫಿಶ್ ಇರುವುದು ಇಂಥ ಹವಳದ ಸಂದಿಯಲ್ಲೇ. ಮುಖದ ತುಂಬ ಪಟ್ಟೆ, ರೆಕ್ಕೆಗೆ ಹಳದಿ ಅಂಚು, ಗಡ್ಡ ಬಿಟ್ಟ ಕಪ್ಪೆಯ ಹಾಗೆ ಕೂತಿರುತ್ತದೆ.

ನೇತ್ರಾಣಿಗೂ ಅಲ್ಲಿಗೂ ದೊಡ್ಡ ವ್ಯತ್ಯಾಸ ಅಂದರೆ ಹರಿವು. ನೀವು ಹಗ್ಗ ಹಿಡಿದು ಇಳಿದು, ಅದೇ ಹಗ್ಗಕ್ಕೆ ಮರಳಿದ್ದೀರಿ. ಕೊಜುಮೆಲ್‌ನಲ್ಲಿ ಹಗ್ಗವಿಲ್ಲ. ಎಲ್ಲರೂ ಒಟ್ಟಿಗೆ ಧುಮುಕುತ್ತಾರೆ, ನೀರು ಕರೆದೊಯ್ಯುತ್ತದೆ, ದೋಣಿ ಮೇಲಿನಿಂದ ಗುಳ್ಳೆ ನೋಡಿಕೊಂಡು ಹಿಂದೆ ಬರುತ್ತದೆ. ಮಳೆಗಾಲದ ತುಂಗೆಯಲ್ಲಿ ಎಲೆ ತೇಲಿದ ಹಾಗೆ ಹೋಗುವುದು. ಎದುರು ಈಜಬೇಡಿ, ಗಾಳಿ ಖರ್ಚಾಗುವುದಷ್ಟೇ. ಗೈಡ್‌ಗಿಂತ ಮುಂದೆ ಹೋಗಬೇಡಿ, ಅವನಿಗಿಂತ ಕೆಳಗೆ ಇಳಿಯಬೇಡಿ. ನೀರಿನ ಒತ್ತಡಕ್ಕೆ ಕಟ್ಟಿದ ಕಿವಿ ನಿಧಾನಕ್ಕೆ ಬಿಡುವವರು ಇಳಿಯುವಾಗಲೇ ಗುಂಪಿನಿಂದ ಹಿಂದೆ ಬೀಳುತ್ತಾರೆ. ನಿಮ್ಮ ಕಿವಿ ಹಾಗಿದ್ದರೆ ಅದನ್ನೂ ಮೊದಲೇ ಹೇಳಿ. ನೆಗಡಿಯಾಗಿದ್ದರೆ ಇಳಿಯಲೇಬೇಡಿ. ಮಾತ್ರೆ ನುಂಗಿ ಇಳಿದು, ಅದರ ಜೋರು ಕೆಳಗೇ ಮುಗಿದರೆ ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಗುಂಪು ತಪ್ಪಿದರೆ ಒಂದು ನಿಮಿಷ ಸುತ್ತ ನೋಡಿ, ಕಾಣದಿದ್ದರೆ ನಿಧಾನಕ್ಕೆ ಮೇಲೆ ಬನ್ನಿ. ಅದಕ್ಕೇ ನೀರಿನ ಮೇಲೆ ಎದ್ದು ನಿಲ್ಲುವ ಕಿತ್ತಳೆ ಬಣ್ಣದ ಉದ್ದ ಬಲೂನನ್ನು ಅಂಗಡಿಯಿಂದ ಕೇಳಿ ತೆಗೆದುಕೊಳ್ಳಿ.

ಅಳತೆಗಳೂ ಬೇರೆ. ಅಮೆರಿಕದ ಪ್ರವಾಸಿಗಳಿಗಾಗಿ ಅಲ್ಲಿ ಹೆಚ್ಚಾಗಿ ಅಡಿ, ಪೌಂಡ್, ಸಿಲಿಂಡರಿನ ಗಾಳಿಯ ಒತ್ತಡಕ್ಕೆ ಪಿಎಸ್‌ಐ ಲೆಕ್ಕ. ನೀವು ಕಲಿತ 200 ಬಾರ್ ಅಲ್ಲಿ ಸುಮಾರು 3000 ಪಿಎಸ್‌ಐ, ಉಳಿಸಿಕೊಂಡು ಬರಬೇಕಾದ 50 ಬಾರ್ ಅಂದರೆ ಸುಮಾರು 700. ಗೈಡ್ 500ಕ್ಕೆ ದೋಣಿ ಹತ್ತಿರಬೇಕು ಅನ್ನಬಹುದು. ನೀವು 1500 ಆದಾಗಲೇ ಅವನಿಗೆ ತೋರಿಸಿ. 18 ಮೀಟರ್‌ನಲ್ಲಿ ಒಂದೊಂದು ಉಸಿರಿಗೂ ಮೇಲಿನ 2.8 ಪಟ್ಟು ಗಾಳಿ ಹೋಗುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಾ? ಬಾಯ್ಲ್ ನಿಯಮ ನಿಮ್ಮದೇ ಪಾಠ. ಇನ್ನೊಂದು, ಖುಷಿಯಾಯಿತು ಅಂತ ಹೆಬ್ಬೆರಳು ಎತ್ತಿ ತೋರಿಸಬೇಡಿ. ನೀರಿನೊಳಗೆ ಅದರ ಅರ್ಥ ‘ಮೇಲೆ ಹೋಗೋಣ’. ಗೈಡ್ ಪಾಪ ನಿಜವಾಗಿಯೂ ಮೇಲೆ ಕರೆದೊಯ್ಯುತ್ತಾನೆ.

ಸಾಮಾನು ಮಾಸ್ಕ್ ಒಂದೇ ಕೊಳ್ಳಿ. ಕನ್ನಡಕ ಇದ್ದರೆ ಪವರ್ ಹಾಕಿಸಿದ್ದು. ಮೀಸೆ ಇದ್ದರೆ ಮೂಗಿನ ಕೆಳಗೆ ಸ್ವಲ್ಪ ಬೋಳಿಸಿ, ಇಲ್ಲದಿದ್ದರೆ ನೀರು ಒಸರುತ್ತಲೇ ಇರುತ್ತದೆ. ಉಳಿದದ್ದೆಲ್ಲ ಬಾಡಿಗೆಗೆ ಸಿಗುತ್ತದೆ. ಕೈಗವಸು, ಚಾಕು ಕೊಳ್ಳಬೇಡಿ, ಕೊಜುಮೆಲ್‌ನ ರಕ್ಷಿತ ಸಮುದ್ರದಲ್ಲಿ ಅವೆರಡಕ್ಕೂ ನಿಷೇಧ. ಕಾರ್ಡಿನ ಕಾಗದದ ಪ್ರತಿ ಮತ್ತು ಡೈವ್‌ಗಳನ್ನು ಬರೆದಿಟ್ಟ ಲಾಗ್‌ಬುಕ್ ಬ್ಯಾಗಿನಲ್ಲಿರಲಿ. ವಾಂತಿಯ ಮಾತ್ರೆ ಬೇಕಾದರೆ ಊರಿನಲ್ಲೇ ಒಂದು ರಜೆಯ ದಿನ ನುಂಗಿ ನೋಡಿ. ಕೆಲವು ಮಾತ್ರೆಗೆ ಕೂತಲ್ಲೇ ತೂಕಡಿಕೆ ಬರುತ್ತದೆ. ಬಿ.ಪಿ. ಮಾತ್ರೆಯ ಜೊತೆ ಆಗುತ್ತದಾ ಅಂತಲೂ ಡಾಕ್ಟರನ್ನು ಕೇಳಿ. ಪ್ರಯಾಣದ ವಿಮೆಯಲ್ಲಿ ಸ್ಕೂಬಾ ಸೇರಿದೆಯಾ, ಎಷ್ಟು ಆಳದವರೆಗೆ ಅಂತ ಮಗಳಿಗೆ ಓದಿಸಿ. ಹಿಂದಿನ ರಾತ್ರಿ ಹಡಗಿನ ಬಾರ್ ಕಡೆ ಹೋಗಬೇಡಿ. ವಾಪಸ್ ವಿಮಾನಕ್ಕೆ ಕೊನೆಯ ಡೈವ್‌ನಿಂದ ಕನಿಷ್ಠ 18 ಗಂಟೆ ಇರಬೇಕು. ನಡುವೆ ಒಂದು ದಿನ ಪೂರ್ತಿ ಸಮುದ್ರದಲ್ಲೇ ಕಳೆಯುವುದಿದ್ದರೆ ಆ ಚಿಂತೆ ಇಲ್ಲ.

ಕೇಮನ್‌ನಲ್ಲಿ ಕಿಟ್ಟಿವೇಕ್ ಅನ್ನುವ ಹಳೆಯ ನೌಕಾಪಡೆ ಹಡಗನ್ನು 2011ರಲ್ಲಿ ಬೇಕೆಂದೇ ಮುಳುಗಿಸಿದ್ದಾರೆ. ಹೊರಗಿನಿಂದ ಸುತ್ತಿ ನೋಡಿ, ಸಾಕು. ಬಾಗಿಲು ತೆರೆದಿದೆ ಅಂತ ಯಾರು ಕರೆದರೂ ಒಳಗೆ ಹೋಗಬೇಡಿ.

ನಿಮ್ಮ ಮನೆಯವರಿಗೆ ಅದೇ ಊರಿನ ಸ್ಟಿಂಗ್‌ರೇ ಸಿಟಿ. ಸೊಂಟದುದ್ದ ನೀರಿನ ಮರಳು ದಿಬ್ಬ, ಅಲ್ಲಿ ನಿಂತರೆ ನಮ್ಮ ಕರಾವಳಿಯವರು ತೊರಕೆ ಅನ್ನುವ ಮೀನುಗಳು ಕಾಲು ಸವರಿಕೊಂಡು ಹೋಗುತ್ತವೆ. ಲೈಫ್ ಜಾಕೆಟ್ ಹಾಕಿಕೊಳ್ಳಲಿ, ಹೆಜ್ಜೆ ಎತ್ತಿ ಇಡದೆ ಮರಳಿನಲ್ಲಿ ಕಾಲು ಎಳೆದುಕೊಂಡು ನಡೆಯಲಿ. ತುಳಿದರೆ ಮಾತ್ರ ಅದರ ಬಾಲದ ಮುಳ್ಳು ಕೆಲಸ ಮಾಡುವುದು. ಅಲ್ಲಿಂದ ಬಂದ ಮೇಲೆ ನಿಮ್ಮ ಟೋಡ್‌ಫಿಶ್ ಕಥೆಯನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಈಗಲೇ ಹೇಳಿರುತ್ತೇನೆ.

ಪ್ರಶ್ನೆ: ಅಂಡಮಾನ್‌ನಲ್ಲಿ ಒಂದು ಸಲ ಅರ್ಧ ಗಂಟೆ ಸ್ಕೂಬಾ ಮಾಡಿದ್ದೇನೆ, ಸರ್ಟಿಫಿಕೇಟೂ ಕೊಟ್ಟಿದ್ದಾರೆ. ಗೆಳತಿಯರ ಜೊತೆ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗುತ್ತಿದ್ದೇವೆ. ಅದನ್ನು ತೋರಿಸಿ ನಾನೇ ಡೈವ್ ಮಾಡಬಹುದಾ?
— ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಇಲ್ಲ ತಂಗಿ. ಅದು ನೆನಪಿಗೆ ಕೊಟ್ಟ ಕಾಗದ, ಗೋಡೆಗೆ ಹಾಕಿಕೊಳ್ಳಿ. ಆವತ್ತು ನೀರಿನಲ್ಲಿ ಏರಿಳಿಸುವ ನಿಮ್ಮ ಜಾಕೆಟ್ಟಿನ ಗಾಳಿ ತುಂಬಿದ್ದು, ಬಿಟ್ಟಿದ್ದು, ನಿಮ್ಮನ್ನು ಹಿಡಿದುಕೊಂಡು ಓಡಾಡಿಸಿದ್ದು ಎಲ್ಲವೂ ಹಿಂದೆ ಇದ್ದ ಬೋಧಕ. ಲಕ್ಷದ್ವೀಪದಲ್ಲೂ ಹಾಗೇ ಬೋಧಕರ ಕೈ ಹಿಡಿದು ಇಳಿಯಿರಿ, 12 ಮೀಟರ್‌ಗಿಂತ ಕೆಳಗೆ ಅವರೂ ಕರೆದೊಯ್ಯಬಾರದು. ಕಾರ್ಡ್ ಬೇಕೇ ಬೇಕು ಅಂದರೆ ಮೂರು ನಾಲ್ಕು ದಿನ ರಜೆ ಹಾಕಿ ಮುರ್ಡೇಶ್ವರದ ರೈಲು ಹತ್ತಿ, ಮಂಗಳೂರಿನಿಂದ ದೂರವೇನಿಲ್ಲ. ಒಂದು ದಿನದಲ್ಲಿ ಕಾರ್ಡ್ ಕೊಡಿಸುತ್ತೇವೆ ಅನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.